ಒಂದೇ ಸ್ಕೂಪ್

ಕನ್ನಡಿಯಲ್ಲಿ ಮೊದಲು ಕಂಡದ್ದು ನನ್ನ ಕಾಲು, ಈ ಜಿಮ್ಮಿನಲ್ಲಿ ಗೋಡೆಯುದ್ದಕ್ಕೂ ನೆಲ ಮುಟ್ಟುವ ಕನ್ನಡಿ, ಯಾರ ಯಾವ ಅಂಗವೂ ತಪ್ಪಿಸಿಕೊಳ್ಳುವ ಹಾಗಿಲ್ಲ, ಎಡಗಾಲಲ್ಲಿ ನನ್ನ ಚಪ್ಪಲಿ, ಬಲಗಾಲಲ್ಲಿ ಅಮ್ಮನದು, ಎರಡೂ ಕಂದು, ಅಮ್ಮನದು ಒಂದು ಸೈಜ್ ದೊಡ್ಡದು, ಐಸಿಯು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ ಬಂದಾಗ ಅದಲುಬದಲಾಗಿರಬೇಕು — ಅಲ್ಲಿಂದ ಬಸ್ಸು, ಬಸ್ಸಿಳಿದು ರಸ್ತೆ, ರಸ್ತೆಯಿಂದ ಈ ಮೆಟ್ಟಿಲು, ಇಷ್ಟು ದೂರ ಬಂದರೂ ಕಾಲಿಗೆ ಗೊತ್ತಾಗಲಿಲ್ಲ, ಅಮ್ಮನಿಗೂ ಗೊತ್ತಾಗಿರಲಿಕ್ಕಿಲ್ಲ, ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಚಿಕ್ಕದು ಒಂದು ದೊಡ್ಡದು ಮೆಟ್ಟಿಕೊಂಡು ಬಾಗಿಲನ್ನೇ ನೋಡುತ್ತ ಕೂತಿರುತ್ತಾಳೆ. ಟ್ರೈನರ್ ಡ್ರಾಯರ್ ಕೆದಕುತ್ತಿದ್ದಾನೆ, ಇಲ್ಲೇ ಇತ್ತಲ್ಲ ಮೇಡಂ, ಲಾಕರ್‌ಗಳ ಎರಡನೇ ಕೀ ಎಲ್ಲಾ ಒಂದೇ ಗೊಂಚಲಲ್ಲಿ ಹಾಕಿಟ್ಟಿದ್ದೆ, ಕೂತ್ಕೊಳ್ಳಿ ಮೇಡಂ, ಕೂರಲು ಇಲ್ಲಿ ಕುರ್ಚಿಯಿಲ್ಲ, ಭಾರ ಎತ್ತುವ ಬೆಂಚುಗಳಿವೆ, ಕಪ್ಪು ರೆಕ್ಸಿನ್, ಅಂಚಿನಲ್ಲಿ ಹರಿದು ಸ್ಪಂಜು ಇಣುಕುತ್ತಿದೆ, ಇವುಗಳಲ್ಲಿ ಯಾವುದರ ಪಕ್ಕ ನಿನ್ನೆ ನನ್ನ ತಮ್ಮ ಬಿದ್ದ ಎಂದು ಕೇಳಬೇಕು ಅನಿಸುತ್ತದೆ, ಕೇಳುವುದಿಲ್ಲ, ನೆಲವನ್ನು ಆಗಲೇ ಒರೆಸಿದ್ದಾರೆ, ಫಿನಾಯಿಲ್ ವಾಸನೆ, ಅದರಡಿಯಲ್ಲಿ ರಬ್ಬರ್ ವಾಸನೆ, ಅದರಡಿಯಲ್ಲಿ ಬೆವರು.

ನಾನು ಸೂಜಿ ಹುಡುಕಲು ಬಂದಿದ್ದೇನೆ. ಹಾಗೆ ಯಾರಿಗೂ ಹೇಳಿಲ್ಲ, ಬಟ್ಟೆ ತಗೊಂಡು ಹೋಗ್ತೀನಿ ಎಂದಿದ್ದೇನೆ, ಆದರೆ ಡಾಕ್ಟರಮ್ಮ ಬೆಳಿಗ್ಗೆ ಫೈಲಿನಿಂದ ತಲೆಯೆತ್ತದೆ ಕೇಳಿದ್ದು ಅದನ್ನೇ, ನಿಮ್ಮ ತಮ್ಮ ಏನೇನು ತಗೋತಿದ್ರು, ಪುಡಿ ಡಾಕ್ಟ್ರೇ, ಜಿಮ್ ಪುಡಿ, ಎಷ್ಟು, ಒಂದೇ ಸ್ಕೂಪ್, ಆಗ ಅವರು ತಲೆಯೆತ್ತಿದರು, ಒಂದು ಸ್ಕೂಪಿಗೆ ಹೃದಯ ಹೀಗೆ ಹುಚ್ಚುಹುಚ್ಚಾಗಿ ಓಡಲ್ಲಮ್ಮ, ಏನೋ ಮುಚ್ಚಿಟ್ಟಿದಾರೆ, ಈ ವಯಸ್ಸಿನವರು ಇಂಜೆಕ್ಷನ್ನೂ ತಗೋತಾರೆ, ಮನೇಲಿ ಹೇಳಲ್ಲ, ಹೋಗಿ ನೋಡಿ, ಸಿಕ್ಕಿದ್ದನ್ನೆಲ್ಲ ತನ್ನಿ, ಯಾವುದು ಎಷ್ಟು ಅಂತ ಗೊತ್ತಾಗದೆ ನಾನು ಮುಂದಿನ ಔಷಧಿ ಕೊಡೋಕೆ ಹೆದರ್ತೀನಿ. ಅವರು ಹೆದರ್ತೀನಿ ಎಂದದ್ದು ನನಗೆ ಇಷ್ಟವಾಯಿತು, ನನಗೆ ಹೆದರಿಕೆಯೂ ಆಗುತ್ತಿರಲಿಲ್ಲ, ಅವರಿಗಾದರೂ ಆಗುತ್ತಿದೆಯಲ್ಲ. ತಮ್ಮನ ಬಾಯಲ್ಲಿ ನಳಿಗೆ, ಎದೆಯ ಕೂದಲು ಬೋಳಿಸಿ ಅಂಟಿಸಿದ ತಂತಿಗಳು, ಪರದೆಯ ಮೇಲೆ ಹಸಿರು ಗೆರೆ ಚಿಕ್ಕ ಮಕ್ಕಳು ಗೀಚಿದ ಹಾಗೆ, ಅವನನ್ನು ಕೇಳುವಂತಿಲ್ಲ, ಕೇಳಿದ್ದರೂ ಅವನು ಹೇಳುವುದು ಅದೇ, ಅಕ್ಕ, ಒಂದೇ ಸ್ಕೂಪ್ ಕಣೇ, ಯಾಕೆ ಪೊಲೀಸ್ ಥರ ಕೇಳ್ತೀಯ. ನಾನು ಪೊಲೀಸ್ ಥರವೇ ಕೇಳುತ್ತಿದ್ದೆ, ಬಾಗಿಲ ಚಿಲಕ ಎರಡು ಸಲ ನೋಡುವವಳು, ಗ್ಯಾಸ್ ಮೂಸಿ ನೋಡುವವಳು, ಅವನು ಕೆಮ್ಮಿದರೆ ಮಲಗಿದಲ್ಲಿಂದ ಎದ್ದು ಕೂರುವವಳು, ಅಮ್ಮ ಹೇಳುತ್ತಾಳೆ, ನಿನ್ನ ಕಣ್ಣಿಗೆ ರೆಪ್ಪೆ ಹಾಕೋಕೆ ದೇವರು ಮರೆತಿದಾನೆ.

ಏನ್ರೀ, ಕಡ್ಡಿ ಅಕ್ಕ ಅಲ್ವಾ ನೀವು, ಯಾರೋ ಕೇಳುತ್ತಾರೆ, ಕುತ್ತಿಗೆಗೆ ಟವೆಲ್ ಸುತ್ತಿಕೊಂಡ ದಪ್ಪ ಮನುಷ್ಯ, ಹೌದು, ಕಡ್ಡಿ, ಇಲ್ಲಿ ಅವನ ಹೆಸರು ಅದೇ, ತೋಳು ಊದಿಕೊಂಡ ಮೇಲೂ ಅದೇ, ಬಟ್ಟೆ ಅಂಗಡಿಯಲ್ಲಿ ಕೆಲಸ ಅವನಿಗೆ, ಗಿರಾಕಿಗಳ ಭುಜಕ್ಕೆ ಟೇಪ್ ಹಿಡಿಯುವುದು, ಪ್ಯಾಂಟಿನ ಉದ್ದಕ್ಕೆ ಸೀಮೆಸುಣ್ಣದ ಗೀಟು ಹಾಕುವುದು, ಒಮ್ಮೆ ಯಾರೋ ಗಿರಾಕಿ ಅಂದನಂತೆ, ಗೊಂಬೆ ಮೇಲೆ ಈ ಶರ್ಟು ಚೆನ್ನಾಗಿದೆಯಪ್ಪ, ನಿನ್ನ ಮೇಲೆ ಹ್ಯಾಂಗರಿಗೆ ಹಾಕಿದ ಹಾಗಿದೆ, ಅವತ್ತು ಊಟಕ್ಕೆ ಕೂತಾಗ ಅದನ್ನು ನಗುತ್ತಲೇ ಹೇಳಿದ, ತಟ್ಟೆಯಲ್ಲಿ ಬೆರಳಾಡಿಸುತ್ತ, ಮರುವಾರ ಜಿಮ್ಮಿಗೆ ಸೇರಿದ. ಆಮೇಲೆ ನಮ್ಮ ಅಡುಗೆಮನೆ ಬದಲಾಯಿತು, ಮೊಟ್ಟೆಯ ಬಿಳಿ ಅವನಿಗೆ, ಹಳದಿ ನಮಗೆ, ಅಮ್ಮ ಸ್ಟೀಲ್ ಬಟ್ಟಲಿನಲ್ಲಿ ಹಳದಿಗಳನ್ನು ಸಾಲಾಗಿ ಇಟ್ಟುಕೊಂಡು, ನೋಡೇ, ಚಿನ್ನ ಬಿಟ್ಟು ಡಬ್ಬ ತಗೊಂಡು ಹೋಗ್ತಾನೆ ನಿನ್ನ ತಮ್ಮ, ಎನ್ನುವಳು, ಅವನು, ಅಮ್ಮ ಅದು ಕೊಬ್ಬು, ಎನ್ನುವನು, ಕೊಬ್ಬು ನಿಂಗೆ ಆಗಲೇ ಇದೆ ಬಿಡು, ಎನ್ನುವಳು. ಆಮೇಲೆ ಪುಡಿಯ ಡಬ್ಬಗಳು ಬಂದವು, ಬಕೆಟ್ಟಿನಷ್ಟು ದೊಡ್ಡವು, ಒಂದು ಖಾಲಿಯಾದರೆ ಇನ್ನೊಂದು, ಪ್ರತಿ ಡಬ್ಬದ ಜೊತೆ ಒಂದು ಸ್ಕೂಪ್, ಬಿಳಿ ಪ್ಲಾಸ್ಟಿಕ್ಕಿನ, ಉದ್ದ ಹಿಡಿಯ ಆಳವಾದ ಚಮಚ, ಅಮ್ಮ ಯಾವುದನ್ನೂ ಎಸೆಯುವವಳಲ್ಲ, ಒಂದು ಬಟ್ಟೆ ಒಗೆಯುವ ಪುಡಿಗೆ ಹೋಯಿತು, ಒಂದು ಸಕ್ಕರೆಗೆ, ಒಂದು ಅಕ್ಕಿಗೆ, ಉಳಿದವು ತೊಳೆದು ಬೋರಲಾಗಿ ಕಿಟಕಿ ಕಟ್ಟೆಯ ಮೇಲೆ, ಬಿಸಿಲಿಗೆ ಸಾಲಾಗಿ ಒಣಗುತ್ತಿದ್ದವು, ಎಲ್ಲವೂ ಒಂದೇ ಅಳತೆ, ಒಂದೇ ತಾಯಿಯ ಮಕ್ಕಳ ಹಾಗೆ.

ಸಿಗ್ತಾ ಇದೆ ಮೇಡಂ, ಒಂದ್ನಿಮಿಷ, ಟ್ರೈನರ್ ಈಗ ಮೇಜಿನ ಕೆಳಗೆ ಮಂಡಿಯೂರಿದ್ದಾನೆ, ಮಂಡಿಯೂರಿಯೇ ಹೇಳುತ್ತಾನೆ, ನಮ್ಮಲ್ಲಿ ಸೂಜಿ ಗೀಜಿ ಇಲ್ಲ ಮೇಡಂ, ಆಸ್ಪತ್ರೇಲಿ ಯಾರಾದ್ರೂ ಕೇಳಿದ್ರೆ ಹಾಗೇ ಹೇಳಿ, ನಾನು ಕಡ್ಡಿಗೆ ಹೇಳಿದ್ದು ಒಂದೇ ಸ್ಕೂಪ್, ಅರ್ಧ ಗಂಟೆ ಮುಂಚೆ, ನೀರಲ್ಲಿ, ಇವರನ್ನೇ ಕೇಳಿ. ಟವೆಲ್ಲಿನವನು ತಲೆಯಾಡಿಸುತ್ತಾನೆ, ಎಲ್ರಿಗೂ ಅದೇ, ಒಂದು ಸ್ಕೂಪ್. ನಿಮ್ಮದು ಎಷ್ಟು ಗ್ರಾಂ ಬರುತ್ತೆ, ನಾನು ಕೇಳುತ್ತೇನೆ, ಯಾಕೆ ಕೇಳಿದೆನೋ, ಕೇಳುವುದು ಅಭ್ಯಾಸ, ಅವನು ನನ್ನನ್ನು ನೋಡಿ ಟ್ರೈನರನ್ನು ನೋಡುತ್ತಾನೆ, ಗ್ರಾಮಾ, ಸ್ಕೂಪ್ ಅಂದ್ರೆ ಸ್ಕೂಪೇ ಅಲ್ವಾ. ಹಾಗಲ್ಲ ಕಣ್ರೀ, ಎಂದು ಸೈಕಲ್ ತುಳಿಯುತ್ತಿದ್ದ ಕನ್ನಡಕದವನು ಬಾಯಿ ಹಾಕುತ್ತಾನೆ, ಅವನನ್ನು ಇವರು ವಿಜ್ಞಾನಿ ಅನ್ನುತ್ತಾರಂತೆ, ನನ್ನ ತಮ್ಮ ಮನೆಯಲ್ಲಿ ಅವನ ಮಾತು ಎತ್ತಿದಾಗೆಲ್ಲ ದನಿ ತಗ್ಗಿಸುತ್ತಿದ್ದ, ವಿಜ್ಞಾನಿ ಏದುಸಿರಲ್ಲಿ ಹೇಳುತ್ತಾನೆ, ಅದು ಮೈ ಮೇಲೆ ಗೊತ್ತಾಗುತ್ತೆ, ಕುಡಿದ ಮೇಲೆ ಕೆನ್ನೆ, ಕಿವಿ, ಬೆರಳ ತುದಿ ಎಲ್ಲಾ ಇರುವೆ ಹರಿದ ಹಾಗಾಗಬೇಕು, ಆಯ್ತು ಅಂದ್ರೆ ಕೆಲಸ ಮಾಡ್ತಿದೆ ಅಂತ, ಕಡ್ಡಿಗೆ ಈ ವಾರ ಪೂರ್ತಿ ಇರುವೆ ಗೂಡೇ ಎದ್ದಿತ್ತು, ನಮಗೆಲ್ಲ ಹೊಟ್ಟೆ ಉರೀತಿತ್ತು, ನಿಂಗೆ ಮಾತ್ರ ಒಳ್ಳೇ ಮಾಲು ಸಿಕ್ಕಿದೆ ಅಂತ ಕಾಡಿಸ್ತಿದ್ವಿ, ಎಂದು ಹೇಳುತ್ತ ನಗಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದ, ಪೆಡಲ್ ನಿಲ್ಲಲಿಲ್ಲ. ಹೌದು, ಮನೆಯಲ್ಲೂ ಕೆನ್ನೆ ಉಜ್ಜಿಕೊಳ್ಳುತ್ತಿದ್ದ, ಟೀ ಲೋಟ ಹಿಡಿದ ಕೈ ನಡುಗುತ್ತಿತ್ತು, ನಿದ್ದೆ ಬರ್ತಿಲ್ಲ ಅಕ್ಕ, ಆದ್ರೆ ಸುಸ್ತೇ ಇಲ್ಲ ನೋಡು, ಏನು ತಗೋತಿದ್ದೀಯ, ಒಂದೇ ಸ್ಕೂಪ್, ಡಬ್ಬದ ಮೇಲಿನ ಚೀಟಿ ಓದಿದ್ದೆ ನಾನು, ಅದರಲ್ಲೂ ಒಂದು ಸ್ಕೂಪ್ ಎಂದೇ ಇತ್ತು, ಸುಮ್ಮನಾದೆ.

ಓದುವುದು ನನ್ನ ಕೆಲಸ. ಮುದ್ರಣಾಲಯದಲ್ಲಿ ಔಷಧಿ ಪೆಟ್ಟಿಗೆಗಳ, ಡಬ್ಬಗಳ ಕರಡು ನನ್ನ ಮೇಜಿಗೆ ಬರುತ್ತದೆ, ಅಕ್ಷರ ಬಿಟ್ಟಿದೆಯೇ, ಶಾಯಿ ಜರುಗಿದೆಯೇ, ಮಡಿಕೆಯ ಗೆರೆ ಎಚ್ಚರಿಕೆಯ ಮೇಲೆ ಬಿದ್ದಿದೆಯೇ, ಭೂತಗನ್ನಡಿ ಹಿಡಿದು ನೋಡುತ್ತೇನೆ, ಸಹಿ ಹಾಕುತ್ತೇನೆ, ಮನೆಗೆ ಬಂದರೂ ಬಿಸ್ಕತ್ತಿನ ಪೊಟ್ಟಣ ಓದುತ್ತೇನೆ. ಆ ಸಣ್ಣ ಡಬ್ಬ ಬಂದ ದಿನವೂ ಓದಿದೆ, ಅಂಗೈಯಗಲದ ಕಪ್ಪು ಡಬ್ಬ, ಮೇಲೆ ಕೆಂಪು ಮಿಂಚು, ಇದು ಬೇರೆ ಅಕ್ಕ, ದೊಡ್ಡದು ಮೈ ಬೆಳೆಯೋಕೆ, ಇದು ಜೋಷ್ ಬರೋಕೆ, ಜಿಮ್ಮಲ್ಲೇ ಇಟ್ಕೋತೀನಿ, ಕೊಡು ಇಲ್ಲಿ ಓದ್ತೀನಿ ಎಂದೆ, ಸಿಂಕಿನ ಹತ್ತಿರ ನಿಂತು ಗಟ್ಟಿಯಾಗಿ ಓದಿದೆ, ಹೃದಯದ ತೊಂದರೆ ಇರುವವರು ಬಳಸಬಾರದು, ನಿಂಗೆ ಹೃದಯವೇ ಇಲ್ಲ ಬಿಡು, ಎಂದೆ, ಗರ್ಭಿಣಿಯರು ಬಳಸಬಾರದು, ಎಂದಾಗ ಅಮ್ಮ ಪಾತ್ರೆ ತೊಳೆಯುತ್ತ, ಅದೊಂದು ಬಾಕಿ ಇತ್ತು ಎಂದಳು, ಮೂವರೂ ನಕ್ಕೆವು, ತಮ್ಮ ಮುಚ್ಚಳ ತೆಗೆದಿದ್ದ, ಒಳಗೆ ಇಣುಕುತ್ತ ಏನೋ ಹೇಳಿದ, ಏನು ಹೇಳಿದ — ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು, ಅದರ ಕಪ್ಪು ಶಾಯಿ ಕೂದಲೆಳೆಯಷ್ಟು ಜರುಗಿತ್ತು, ನಮ್ಮಲ್ಲಾಗಿದ್ದರೆ ಇದನ್ನು ಬಿಡುತ್ತಿರಲಿಲ್ಲ ಎಂದುಕೊಂಡೆ, ಆ ಸಾಲು ಏನಿತ್ತು, ಶಾಯಿ ನೆನಪಿದೆ.

ಸಿಕ್ತು, ಎನ್ನುತ್ತಾನೆ ಟ್ರೈನರ್. ಲಾಕರ್ ಬಾಗಿಲು ಕಿರ್ರೆಂದು ತೆರೆಯುತ್ತದೆ, ನನ್ನ ಕೈ ಒಳಗೆ ಹೋಗುತ್ತದೆ, ಸೂಜಿ ಚುಚ್ಚಲಿ ಎಂದು ಕಾಯುತ್ತಿದೆಯೇನೋ ಕೈ, ಒಂದು ಟವೆಲ್, ಬಾಚಣಿಗೆ, ಅಂಗಡಿಯ ಟೇಪು ಮರೆತು ಜೇಬಿನಲ್ಲೇ ತಂದಿದ್ದಾನೆ, ಒಣಗಿದ ಸಾಕ್ಸು, ಪುಡಿ ಕಲಸುವ ಬಾಟಲಿ, ಸಾಕ್ಸಿನ ಒಳಗೂ ಬೆರಳು ಹಾಕಿ ನೋಡಿದೆ, ಟವೆಲ್ ಒದರಿದೆ, ಸೂಜಿಯಿಲ್ಲ, ಸೀಸೆಯಿಲ್ಲ, ಮಾತ್ರೆಯಿಲ್ಲ, ನಾ ಹೇಳ್ಲಿಲ್ವಾ ಮೇಡಂ, ಎಂದು ಟ್ರೈನರ್ ಉಸಿರು ಬಿಟ್ಟ, ಕೊನೆಯಲ್ಲಿ ಆ ಕಪ್ಪು ಡಬ್ಬ. ಮುಚ್ಚಳ ತಿರುಗಿಸಿದೆ, ಕಿತ್ತಳೆ ಹಣ್ಣಿನ ಸುಳ್ಳು ವಾಸನೆ, ಗುಲಾಬಿ ಪುಡಿ ಅರ್ಧಕ್ಕಿಂತ ಎಷ್ಟೋ ಕೆಳಗೆ ಇಳಿದಿದೆ, ಅದರ ಮೇಲೆ ಮಲಗಿದೆ ಸ್ಕೂಪ್, ಬಿಳಿ, ಆಳವಾದದ್ದು, ಹಿಡಿ ಡಬ್ಬದಲ್ಲಿ ಹಿಡಿಸದೆ ಓರೆಯಾಗಿ ಗೋಡೆಗೆ ಒತ್ತಿಕೊಂಡಿದೆ. ಇದನ್ನು ನಾನು ಬಲ್ಲೆ. ಇದರ ಅಕ್ಕತಂಗಿಯರು ನಮ್ಮ ಅಕ್ಕಿಯಲ್ಲಿದ್ದಾರೆ. ಡಬ್ಬ ತಿರುಗಿಸಿದೆ, ಜರುಗಿದ ಶಾಯಿಯ ಸಾಲು, ಈಗ ಅಕ್ಷರ ಓದಿದೆ, ಅಳತೆಯ ಚಮಚ ಒಳಗಿದೆ, ಕೆಲವೊಮ್ಮೆ ಪುಡಿಯ ಅಡಿಗೆ ಸೇರಿರಬಹುದು. ಬೆರಳು ಹಾಕಿ ಕೆದಕಿದೆ, ಪುಡಿ ಉಗುರಿನಡಿ ಸೇರಿತು, ತಳದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿದ ಕಡೆ ಏನೋ ತಾಕಿತು, ಎಳೆದೆ, ಬಂತು, ಕೆಂಪು, ನನ್ನ ಹೆಬ್ಬೆರಳಿನಷ್ಟು, ಹಿಡಿ ಗಿಡ್ಡ, ಒಮ್ಮೆಯೂ ಯಾರ ಕೈಯೂ ಮುಟ್ಟದ್ದು, ಹೊಟ್ಟೆ ತುಂಬ ಪುಡಿ ತುಂಬಿಕೊಂಡು ಕೂತಿತ್ತು, ಇನ್ನೊಂದೆರಡು ಸಲ ತೆಗೆದಿದ್ದರೆ ತಾನೇ ಮೇಲೆ ಬರುತ್ತಿತ್ತು. ಚಿಕ್ಕದರಿಂದ ದೊಡ್ಡದಕ್ಕೆ ಸುರಿದೆ, ಮೂರು ಸಲಕ್ಕೆ ತುಂಬಿತು. ಟ್ರೈನರ್ ನೋಡುತ್ತಿದ್ದ, ಅಯ್ಯೋ, ಎಂದ, ಬೇರೆ ಡಬ್ಬದ್ದು ಯಾಕೆ ಹಾಕಿದ ಇವನು, ಎಂದ, ನಾನು ಆಗಲೇ ಜಿಮ್ಮಿನಲ್ಲಿರಲಿಲ್ಲ, ಮನೆಯ ಸಿಂಕಿನ ಹತ್ತಿರ ನಿಂತು ಗರ್ಭಿಣಿಯರು ಎಂದು ಓದುತ್ತಿದ್ದೆ, ತಮ್ಮ ಡಬ್ಬದೊಳಗೆ ಇಣುಕುತ್ತ ಹೇಳುತ್ತಿದ್ದ, ಅಕ್ಕ, ಇದರಲ್ಲಿ ಸ್ಕೂಪೇ ಹಾಕಿಲ್ಲ, ಮೋಸ, ಅಮ್ಮ ಹೇಳುತ್ತಿದ್ದಳು, ಅದಕ್ಯಾಕೋ ಅಳ್ತೀಯ, ರಾಶಿ ಬಿದ್ದಿದೆ ಮನೇಲಿ, ತಗೋ, ಕಿಟಕಿ ಕಟ್ಟೆಯಿಂದ ಒಂದು ಎತ್ತಿಕೊಂಡು —

ಫೋನು. ಅಮ್ಮ. ಏನಾದ್ರೂ ಸಿಕ್ತೇನೇ, ಡಾಕ್ಟರಮ್ಮ ಇಲ್ಲೇ ನಿಂತಿದಾರೆ, ಎಷ್ಟು ತಗೋತಿದ್ದ ಅಂತ ಗೊತ್ತಾಯ್ತಾ ಕೇಳ್ತಿದಾರೆ, ನಂಗೇ ಹೇಳು, ನಾನೇ ಹೇಳ್ತೀನಿ. ಸೂಜಿ ಇಲ್ಲಮ್ಮ, ಎಂದೆ. ಅಬ್ಬ, ಎಂದಳು, ಮತ್ತೇನು ಸಿಕ್ತು. ಕನ್ನಡಿಯಲ್ಲಿ ಒಬ್ಬ ಹೆಂಗಸು, ಒಂದು ಕೈಯಲ್ಲಿ ಬಿಳಿಯದು ಒಂದು ಕೈಯಲ್ಲಿ ಕೆಂಪು, ಕಿವಿ ಭುಜದ ನಡುವೆ ಫೋನು ಒತ್ತಿಕೊಂಡು, ಕಾಲಲ್ಲಿ ಎರಡು ಸೈಜಿನ ಚಪ್ಪಲಿ. ಮೂರು, ಎಂದಳು ಕನ್ನಡಿಯವಳು, ಈ ಸಣ್ಣ ಕಪ್ಪು ಡಬ್ಬದ್ದು, ಪ್ರತಿ ಸಲ ಮೂರು ಸ್ಕೂಪ್ ಹಾಕ್ತಿದ್ದನಂತೆ ಅಮ್ಮ, ಡಬ್ಬ ತಗೊಂಡು ಈಗಲೇ ಹೊರಟೆ. ಒಂದೇ ಅಂತಿದ್ದನಲ್ಲೇ, ಎಂದಳು ಅಮ್ಮ, ನನ್ನ ಮುಖ ನೋಡ್ಕೊಂಡೇ ಅಂತಿದ್ದನಲ್ಲೇ. ಆಮೇಲೆ ಬಾಯಿ ಫೋನಿನಿಂದ ಆಚೆ ತಿರುಗಿಸಿ, ಮೂರಂತೆ ಡಾಕ್ಟ್ರೇ, ನಮ್ಮತ್ರ ಸುಳ್ಳು ಹೇಳಿದಾನೆ, ಎಂದದ್ದು ದೂರದಿಂದ ಕೇಳಿತು, ಡಾಕ್ಟರಮ್ಮ ಯಾರನ್ನೋ ಹೆಸರು ಹಿಡಿದು ಕೂಗಿದ್ದು ಕೇಳಿತು, ಓಡುವ ಹೆಜ್ಜೆ ಕೇಳಿತು, ನಾನು ಬಿಳಿ ಸ್ಕೂಪನ್ನು ಬ್ಯಾಗಿನ ಅಡಿಗೆ, ಛತ್ರಿಯ ಕೆಳಗೆ ತುರುಕಿದೆ, ಕೆಂಪನ್ನು ಡಬ್ಬದೊಳಗೆ ಪುಡಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟು ಮುಚ್ಚಿದೆ, ಟ್ರೈನರ್ ಏನೋ ಕೇಳುತ್ತಿದ್ದಾನೆ, ಕೇಳಿಸುತ್ತಿಲ್ಲ, ಮೆಟ್ಟಿಲು ಇಳಿಯಬೇಕು, ಬಸ್ಸು ಹಿಡಿಯಬೇಕು, ಆಟೋ, ಆಟೋ ಹಿಡಿಯಬೇಕು, ಕಿಟಕಿ ಕಟ್ಟೆಯಿಂದ ಒಂದನ್ನು ಎತ್ತಿಕೊಂಡು, ಬೋರಲಾಗಿದ್ದುದನ್ನು ಮಗುಚಿ, ಒಳಗೆ ಒಂದು ಹನಿ ನೀರು ಉಳಿದಿತ್ತು, ಪುಡಿ ಗಂಟು ಕಟ್ಟೀತು ಇರು ಎಂದು ಒಣ ಬಟ್ಟೆಯ ತುದಿ ತುರುಕಿ ತಿರುಗಿಸಿ ತಿರುಗಿಸಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿ, ಅವನ ಕಡೆ ಚಾಚಿದ ಅಮ್ಮನ ಕೈ, ತುದಿಯಲ್ಲಿ ಸ್ಕೂಪ್, ಬಿಳಿ, ಒಣಗಿದ್ದು.