ಹುಲ್ಲಿನ ಚಪ್ಪಲಿ, ತೊಗಲಿನ ಬೂಟು

ಸ್ವಲ್ಪ ನಿಲ್ಲಿ, ಇದೊಂದನ್ನು ಪೂರ್ತಿ ಕೇಳಿಬಿಟ್ಟು ಹೋಗಿ. ಜಪಾನಿನವರ ಜೊತೆ ಯುದ್ಧ ನಡೆಯುತ್ತಿದ್ದ ಕಾಲ. ಚೀನಾದ ಸಿಚುವಾನ್ ಪ್ರಾಂತ್ಯದ ಸಿಪಾಯಿಗಳಿಗೆ ಬೂಟು ಎಲ್ಲಿಂದ ಬರಬೇಕು? ಭತ್ತದ ಹುಲ್ಲು ಹೊಸೆದು ತಾವೇ ಚಪ್ಪಲಿ ಹೆಣೆದುಕೊಳ್ಳುತ್ತಿದ್ದರು. ಮೌ ದಾಶುನ್ ಅಂಥದ್ದೊಂದು ಜೋಡಿಯಲ್ಲೇ ಪಾಚಿಗಟ್ಟಿದ ಬಂಡೆಗಳ ಮೇಲೆ ಸಲೀಸಾಗಿ ಹೊಳೆ ದಾಟಿದ. ಅವನ ಕ್ಯಾಪ್ಟನ್ ಕುವಾಂಗ್ ಮಾತ್ರ ಆಚೆ ದಡದಲ್ಲೇ ಉಳಿದ. ತಳಕ್ಕೆ ಮೊಳೆ ಹೊಡೆದ, ಮಿರಿಮಿರಿ ಮಿಂಚುವ ಬೂಟು ಅವನನ್ನು ಎರಡು ಸಲ ಬೀಳಿಸಿತ್ತು. ಹಿಂದೆ ಶತ್ರುಗಳ ಗುಂಡಿನ ಸದ್ದು ಹತ್ತಿರವಾಗುತ್ತಿತ್ತು.

"ಲೋ ಹುಲ್ಲುಗಾಲಿನವನೇ, ನಿನ್ ಚಪ್ಪಲಿ ಈ ಕಡೆ ಎಸಿಯೋ!"

"ಬೂಟು ಬಿಚ್ಚಾಕಿ ಬರಿಗಾಲಲ್ಲಿ ಬನ್ನಿ ಸಾಹೇಬ್ರೆ, ಜಾರಲ್ಲ."

"ಕ್ಯಾಪ್ಟನ್ ಬರಿಗಾಲಲ್ಲಿ ಬರ್ತಾನೇನೋ? ನನ್ ಮಾನ ಏನಾಗ್ಬೇಕು?"

"ನಿಮ್ ಮಾನ ಕಾಲಲ್ಲಿದ್ಯಾ ಸಾಹೇಬ್ರೆ?"

ದಾಶುನ್‌ಗೆ ಅಸಹ್ಯವಾಯಿತು. ಪ್ರಾಣಕ್ಕಿಂತ ಬೂಟಿನ ಹೊಳಪೇ ದೊಡ್ಡದಾದ ಇವನಿಗೆ ಮೂರು ತಿಂಗಳು ಸಲಾಮು ಹೊಡೆದೆನಲ್ಲ! ಮುಂದೆ ಎರಡು ದಿನ ಚೂಪುಗಲ್ಲಿನ ಬೆಟ್ಟದ ದಾರಿ. ಚಪ್ಪಲಿಯಿಲ್ಲದೆ ಕಾಲು ಹರಿದುಕೊಂಡು ಹಿಂದುಳಿದವನನ್ನು ಯಾರೂ ಹೊತ್ತೊಯ್ಯುತ್ತಿರಲಿಲ್ಲ. ದಾಟಿ ಬಂದ ಮೇಲೆ ಕುವಾಂಗ್ ಚಪ್ಪಲಿ ವಾಪಸ್ ಕೊಡುವ ಜಾತಿಯೂ ಅಲ್ಲ.

ಕುವಾಂಗ್ ಇನ್ನೂ ಬೂಟು ಬಿಚ್ಚಿರಲಿಲ್ಲ. ದಾಶುನ್ ಥೂ ಎಂದು ಉಗುಳಿ, ಚಪ್ಪಲಿಯ ದಾರ ಬಿಗಿಮಾಡಿಕೊಂಡು ಬೆಟ್ಟ ಹತ್ತತೊಡಗಿದ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?