ಹುಳಿಯಿಲ್ಲದ ರೊಟ್ಟಿ

ಅಮೆರಿಕದ ಗ್ಲೆಂಡೇಲ್‌ನ ಚರ್ಚ್ ಶಾಲೆಯವರು ಈಸ್ಟರ್ ನಾಟಕಕ್ಕೆ ರೊಟ್ಟಿ ತರುವ ಕೆಲಸವನ್ನು ಸುಗಂಧಿಗೆ ಒಪ್ಪಿಸಿದ್ದರು. ಯೇಸು ಶಿಷ್ಯರ ಜೊತೆ ಉಂಡ ಕಡೆಯ ಊಟದ ದೃಶ್ಯ. ಅದರಲ್ಲಿ ಕಥೆ ಹೇಳುವ ಪಾತ್ರ ಅವಳ ಮಗಳು, ಏಳನೇ ಕ್ಲಾಸಿನ ಶ್ರದ್ಧಾಳದು. ಇಡೀ ಶಾಲೆಯೆದುರು ನಿಂತು ಮಾತಾಡುವ ಅವಕಾಶ ಆ ಹುಡುಗಿಗೆ ಸಿಕ್ಕಿದ್ದು ಅದೇ ಮೊದಲು. ಸ್ನಾನದ ಮನೆಯಲ್ಲೂ ಅದನ್ನೇ ಒಪ್ಪಿಸುತ್ತಿದ್ದಳು.

ಸುಗಂಧಿ ತಂದದ್ದು ಉಬ್ಬಿದ ಬ್ರೆಡ್ಡಲ್ಲ, ಚಪಾತಿಯಂಥ ತೆಳು ರೊಟ್ಟಿ. ಅದಕ್ಕೆ ಕಾರಣ ಮಿರಿಯಮ್.

ಹಿಂದೆ ಸ್ಯಾನ್ ಡಿಯಾಗೋದಲ್ಲಿದ್ದಾಗ ಕರ್ನಿ ಮೆಸಾ ಬಡಾವಣೆಯ ಆಫೀಸಿನಲ್ಲಿ ಸುಗಂಧಿಯ ಪಕ್ಕದ ಟೇಬಲ್ ಈ ಯೆಹೂದಿ ಹೆಂಗಸಿನದು. ಪಸ್ಕಹಬ್ಬದ ವಾರ ಅವಳು ಬ್ರೆಡ್ ಮುಟ್ಟುವುದಿಲ್ಲವೆಂದು ಕೇಳಿದ್ದೇ ತಡ, ಸುಗಂಧಿ ಇಡ್ಲಿ ಬೇಯಿಸಿ ಅವಳ ಮನೆ ಬಾಗಿಲಿಗೇ ಒಯ್ದಳು. ಏಕಾದಶಿಗೆ ಅನ್ನ ಬಿಟ್ಟು ಫಲಾಹಾರ ಮಾಡುವ ಉಡುಪಿಯ ಮನೆಯವಳ ಲೆಕ್ಕಾಚಾರ ಅದು: ಗೋಧಿ ಆಗದಿದ್ದರೆ ಅಕ್ಕಿ ಇದೆಯಲ್ಲ! ಮಿರಿಯಮ್ ಡಬ್ಬಿಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಅವರ ಮನೆತನಕ್ಕೆ ಆ ವಾರ ಅಕ್ಕಿಯೂ ನಿಷಿದ್ಧ. ಇದಂತೂ ರಾತ್ರಿಯಿಡೀ ಹುಳಿ ಬಂದ ಹಿಟ್ಟು. ಸುಗಂಧಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

ಮಿರಿಯಮ್ ನಕ್ಕು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡಳು. "ಈಜಿಪ್ಟಿನಲ್ಲಿ ನಮ್ಮವರು ಗುಲಾಮರು. ಓಡಿಬರುವಾಗ ಹಿಟ್ಟು ಹುಳಿ ಬರುವಷ್ಟು ಕಾಯುವ ಪುರುಸೊತ್ತು ಇರಲಿಲ್ಲ. ಅದರ ನೆನಪಿಗೆ ಈ ವಾರ ಹುಳಿಯಿಲ್ಲದ ತೆಳು ರೊಟ್ಟಿ. ಯೇಸುವಿನ ಕಡೆಯ ಊಟವೂ ಈ ಹಬ್ಬದ್ದೇ ಅಂತ ಕ್ರಿಶ್ಚಿಯನ್ನರ ಬೈಬಲ್ಲಿನಲ್ಲೇ ಇದೆ. ಅವರ ಪೆಂತೆಕೋಸ್ತ್ ಹಬ್ಬ ಹುಟ್ಟಿದ್ದೂ ನಮ್ಮ ಸುಗ್ಗಿಹಬ್ಬದ ದಿನವೇ. ಹಬ್ಬ ಇಟ್ಟುಕೊಂಡರು, ನಮ್ಮನ್ನು ಮರೆತರು."

ಸುಗಂಧಿ ಇದನ್ನು ಮಗಳಿಗೆ ಹೇಳಿದ್ದಳು. ಕೊನೆಯ ತಾಲೀಮಿನಲ್ಲಿ ಶ್ರದ್ಧಾ ತಾನಾಗಿಯೇ ತನ್ನ ಪಾತ್ರಕ್ಕೆ ಒಂದು ಮಾತು ಸೇರಿಸಿದಳು: "ಅದು ಯೆಹೂದಿಗಳ ಪಸ್ಕದ ರಾತ್ರಿ. ಯೇಸುವೂ ಯೆಹೂದಿಯೇ."

ನಾಟಕದ ದಿನ, ಅದನ್ನು ಮಾಡಿಸುವ ಟೀಚರ್ ಮಿಸೆಸ್ ಹೋಲ್ಟ್ ಪರದೆಯ ಹಿಂದೆ ರೊಟ್ಟಿ ನೋಡಿ ಮುಖ ಸಿಂಡರಿಸಿದರು. ಅದರ ಬದಲು ಅಂಗಡಿಯ ಬ್ರೆಡ್ ತರಿಸಿದರು. ಆಮೇಲೆ ಶ್ರದ್ಧಾಳ ಕಡೆ ತಿರುಗಿ, "ಆ ಮಾತು ಬಿಡು. ಇಲ್ಲದಿದ್ದರೆ ಪಾತ್ರ ಬಿಡು," ಎಂದರು.

"ಅದು ತಪ್ಪಾ?" ಸುಗಂಧಿ ಕೇಳಿದಳು.

"ತಪ್ಪು ಅಂತ ಅಲ್ಲ. ಇದು ಕ್ರಿಶ್ಚಿಯನ್ ಶಾಲೆ. ಅಷ್ಟಕ್ಕೂ ನೀವು ಹಿಂದೂಗಳು, ನಿಮಗೇಕೆ ಇದೆಲ್ಲ?"

ಸುಗಂಧಿಯ ಮೈ ಉರಿಯಿತು. ಗಂಡ ಶಂಭು ಅವಳ ಕಿವಿಯಲ್ಲಿ, "ನಮಗೆಂತಕ್ಕೆ ಮಾರಾಯ್ತಿ ಈ ಉಸಾಬರಿ? ಅವರ ಶಾಲೆ, ಅವರ ಹಬ್ಬ. ಮಗು ಎಷ್ಟು ಆಸೆ ಇಟ್ಟುಕೊಂಡಿದೆ," ಎಂದ. ಅವನದು ಯಾವಾಗಲೂ ಅಡ್ಡಗೋಡೆ ಮೇಲಿನ ದೀಪ. ಆದರೆ ಕಡೆಯ ಮಾತು ಅವಳಿಗೆ ನಾಟಿತು. ಮಗಳ ಆಸೆ ಅವಳಿಗೂ ಗೊತ್ತಿತ್ತು.

"ನಿನ್ನ ಪಾತ್ರ, ನೀನೇ ಹೇಳು ಮಗಾ," ಎಂದಳು. "ಎಂತ ಮಾಡಿದ್ರೂ ನಾನು ಬೈಯುದಿಲ್ಲ."

ಶ್ರದ್ಧಾ ಟೀಚರ್ ಮುಖವನ್ನೇ ನೋಡಿದಳು. "ಇಟ್ಸ್ ಟ್ರೂ, ಮಿಸೆಸ್ ಹೋಲ್ಟ್," ಎಂದು ಪಾತ್ರದ ನಿಲುವಂಗಿ ಕಳಚಿ ಕುರ್ಚಿಯ ಮೇಲಿಟ್ಟಳು.

ಶಂಭು ಕಾರಿನ ಕೀ ತೆಗೆದ. "ಮನೆಗೆಂತಕ್ಕೆ? ನಾವೇನು ಕದ್ದಿದ್ದೇವಾ?" ಎನ್ನುತ್ತಾ ಸುಗಂಧಿ ಇಬ್ಬರನ್ನೂ ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲೇ ಕೂತಳು. ಹಿಂದಿನ ಸಾಲಿನ ಮುದುಕಿಯೊಬ್ಬಳು ಬಗ್ಗಿ, "ನೀನು ನಾಟಕದಲ್ಲಿ ಇರಬೇಕಿತ್ತಲ್ಲ?" ಎಂದು ಶ್ರದ್ಧಾಳನ್ನು ಕೇಳಿದಳು.

ಶ್ರದ್ಧಾ ಎದ್ದು ಹಿಂದಕ್ಕೆ ತಿರುಗಿದಳು. ಹಾಲ್ ಭರ್ತಿಯಾಗಿತ್ತು, ಪರದೆ ಇನ್ನೂ ಎದ್ದಿರಲಿಲ್ಲ. ತಾನು ಹೇಳಬೇಕಿದ್ದ ಮಾತನ್ನು ಮೊದಲಿಂದ ಶುರುಮಾಡಿದಳು. ಪಕ್ಕದ ಬಾಗಿಲಿಂದ ಮಿಸೆಸ್ ಹೋಲ್ಟ್ ಧಾವಿಸಿ ಬಂದರು. ಶಂಭು ಗಾಬರಿಯಿಂದ ಮಗಳ ತೋಳು ಎಳೆಯಹೋದ. ಸುಗಂಧಿ ಅವನ ಕೈಯನ್ನು ಹಿಡಿದು ಕೆಳಗಿಟ್ಟಳು.

"ಗಟ್ಟಿ ಹೇಳು ಮಗಾ," ಎಂದಳು. "ಕಡೆಯ ಸಾಲಿನವರಿಗೂ ಕೇಳ್ಬೇಕು."