ಹೊಸ ಕಿಟಕಿ, ಒಂದು

ಮೂವತ್ತು ವರ್ಷದಿಂದ ದರ್ಜಿ ತನ್ನ ಹೆಂಡತಿಯ ತಮ್ಮನನ್ನು ತೇಪೆ ಮೇಸ್ತ್ರಿ ಎಂದೇ ಕರೆಯುತ್ತಿದ್ದ. ಗೋಡೆ ಎಬ್ಬಿಸಬಲ್ಲ ಕೈಗೆ ಬರೀ ಬಿರುಕು ಮೆತ್ತುವ ಕೆಲಸವೇ ಸಿಕ್ಕರೆ ಪಾಪ, ಮೇಸ್ತ್ರಿಯಾದರೂ ಏನು ಮಾಡಿಯಾನು? ಹೊಸದೊಂದನ್ನು ಕಟ್ಟಿ ಭಾವನ ಬಾಯಿ ಮುಚ್ಚಿಸಬೇಕೆಂಬ ಆಸೆ ಮಾತ್ರ ಅವನಿಗೆ ಹೋಗಿರಲಿಲ್ಲ. ಅದಕ್ಕೇ ಭಾವ ಬಾಡಿಗೆಗೆ ಕೊಟ್ಟಿದ್ದ ಮನೆಯ ಕೆಲಸ ಮುಗಿದ ದಿನ ಬಿಲ್ಲಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ: ‘ಹೊಸ ಅಡುಗೆಮನೆ ನಿರ್ಮಾಣ.’

ಅದೇ ಬಿಲ್ಲು ಹಿಡಿದು ದರ್ಜಿ ಈಗ ಮೇಸ್ತ್ರಿಯ ಮನೆಗೆ ಬಂದಿದ್ದ. ಜೊತೆಗೆ ದರ್ಜಿಯ ಮಗಳು. ತೆರಿಗೆ ಲೆಕ್ಕ ಬರೆಯುವವಳು.

“ಮಾವ, ಅಲ್ಲಿ ಏನೇನ್ ಮಾಡಿದ್ರಿ?”

“ಒಡೆದ ಪೈಪು ಬದಲಾಯಿಸ್ದೆ. ಸಿಂಕಿನ ಹಿಂದೆ ಆರು ಟೈಲು. ಸೋರೋ ಮೂಲೆಗೆ ಗಾರೆ.”

“ಅದು ರಿಪೇರಿ. ರಿಪೇರಿ ಖರ್ಚನ್ನ ತೆರಿಗೆ ಲೆಕ್ಕದಲ್ಲಿ ಬಾಡಿಗೆ ಆದಾಯದಿಂದ ಈ ವರ್ಷವೇ ಪೂರ್ತಿ ಕಳೀಬಹುದು. ಹೊಸದು ಅಂತ ಬರೆದ್ರೆ ಅದೇ ಖರ್ಚನ್ನ ಇಪ್ಪತ್ತೇಳು ವರ್ಷಕ್ಕೆ ಹಂಚಿ ಚೂರುಚೂರೇ ಕಳೀಬೇಕು.”

“ನಂಗೀಗಲೇ ಎಪ್ಪತ್ತೊಂದು,” ಎಂದ ದರ್ಜಿ.

“ಹಂಗಾದ್ರೆ ತೊಂಬತ್ತೆಂಟರ ತನಕ ಭಯವಿಲ್ಲ, ಭಾವ. ತೆರಿಗೆಯವರೇ ಬರೆದ್ಕೊಡ್ತಿದಾರೆ.”

“ಹಲ್ಲು ಕಿಸೀಬೇಡ. ಬಿಲ್ಲು ತಿದ್ದು.”

“ಏನಂತ? ತೇಪೆ ಅಂತಾನಾ?”

ದರ್ಜಿ ಕೆಮ್ಮಿ ಗೋಡೆ ನೋಡಿದ. ಮೇಸ್ತ್ರಿ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಮಾಡಿದ್ದು ರಿಪೇರಿಯೇ ಎಂದು ಅವನಿಗೂ ಗೊತ್ತು. ಆದರೆ ಆ ಅಡ್ಡಹೆಸರಿಗೆ ತನ್ನ ಕೈಯಾರೆ ರುಜು ಹಾಕುವುದು ಹೇಗೆ?

“ಅಪ್ಪ ಹರಿದ ಅಂಗಿ ಹೊಲಿದು ಹೊಸ ಅಂಗಿ ಅಂತ ಬಿಲ್ ಮಾಡಿದ್ರೆ ನೀವು ಬಿಡ್ತಿದ್ರಾ, ಮಾವ?” ಎಂದಳು ಮಗಳು.

“ಮಾನ ಕಳೀತಿದ್ದೆ,” ಎಂದು ಮೇಸ್ತ್ರಿ ಒಪ್ಪಿಕೊಂಡ. ಮುಚ್ಚಳ ತೆಗೆದು, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದ: ‘ಅಡುಗೆಮನೆ ರಿಪೇರಿ.’

“ತಡೀರಿ,” ಎಂದಳು ಅವಳು. “ಒಲೆ ಮೇಲೊಂದು ಕಿಟಕಿ ಇದೆಯಲ್ಲ. ಮೊದಲು ಅಲ್ಲಿ ಬರೀ ಗೋಡೆ ಇತ್ತು.”

“ಹೊಗೆ ಹೋಗಲ್ಲ ಅಂತ ಬಾಡಿಗೆಯಮ್ಮ ಅಂದ್ರು. ಗೋಡೆ ಒಡೆದು ಇಟ್ಟೆ.”

“ಅದು ರಿಪೇರಿ ಅಲ್ಲ. ಇಲ್ಲದ್ದನ್ನ ಮಾಡಿದ್ದೀರಿ. ಬೇರೆ ಬಿಲ್ಲು ಬೇಕು.”

“ಅಂಗೈಯಗಲದ ಕಿಟಕಿ ಕಣೇ,” ಎಂದು ದರ್ಜಿ ಗೋಗರೆದ. “ಇದರಲ್ಲೇ ಸೇರಿಸಿಬಿಡು.”

“ಆಗಲ್ಲಪ್ಪ. ಹೊಸದು ಹೊಸದೇ.”

ಮೇಸ್ತ್ರಿ ಆಗಲೇ ಇನ್ನೊಂದು ಹಾಳೆ ಹರಿದಿದ್ದ. ‘ಹೊಸ ಕಿಟಕಿ, ಒಂದು’ ಎಂದು ಎಷ್ಟು ದೊಡ್ಡದಾಗಿ ಬರೆದನೆಂದರೆ ಮೊತ್ತವನ್ನು ಹಾಳೆಯ ಬೆನ್ನಿಗೆ ಬರೆಯಬೇಕಾಯಿತು.

“ವರ್ಷವರ್ಷವೂ ಲೆಕ್ಕದಲ್ಲಿ ಇದನ್ನ ಓದ್ಬೇಕಲ್ವೇನಮ್ಮ?”

“ಇಪ್ಪತ್ತೇಳು ವರ್ಷ, ಮಾವ.”

“ಸ್ವಲ್ಪ ಜೋರಾಗಿ ಓದು. ನಿಮ್ಮಪ್ಪಂಗೆ ಕಿವಿ ಮಂದ.”